ಅಮ್ಮನ ಮರೆವು, ಅಣ್ಣನ ಜೀನ್ ರಿಪೋರ್ಟ್: ಆ ಕಿಣ್ವವನ್ನು ಮಾತ್ರೆ ಕೊಟ್ಟು ನಿಲ್ಲಿಸಬಹುದಾ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಹಾಸನದ ಕಡೆಯವಳು, ಬ್ಯಾಂಕಿನಲ್ಲಿ ಕೆಲಸ. ಅಮ್ಮನಿಗೆ 51ನೇ ವಯಸ್ಸಿಗೇ ಮರೆವು ಶುರುವಾಯಿತು, ಈಗ 57. ಮೊದಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದರು. ಈಗ ಬಚ್ಚಲುಮನೆ ಯಾವ ಕಡೆ ಅಂತಲೂ ಗೊತ್ತಾಗುವುದಿಲ್ಲ. ಇತ್ತೀಚೆಗೆ ಕೂತಲ್ಲೇ ಬೆಚ್ಚಿಬಿದ್ದ ಹಾಗೆ ಕೈ ಎಳೆಯುತ್ತದೆ. ಅಮ್ಮನ ಅಪ್ಪನೂ ಐವತ್ತರ ಆಸುಪಾಸಿನಲ್ಲೇ ಹೀಗಾಗಿ ತೀರಿಕೊಂಡರಂತೆ. ಅಮೆರಿಕದಲ್ಲಿರುವ ಅಣ್ಣ (39) ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಜೀನ್ ಪರೀಕ್ಷೆ ಮಾಡಿಸಿಕೊಂಡ. ಪ್ರೆಸೆನಿಲಿನ್-1 ಜೀನ್‌ನಲ್ಲಿ ಬದಲಾವಣೆ ಇದೆ, 'ಲೈಕ್ಲಿ ಪ್ಯಾಥೊಜೆನಿಕ್', ಇದು ಗಾಮಾ ಸಿಕ್ರಿಟೇಸ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವದ ಭಾಗ ಅಂತ ಬಂದಿದೆ. ಅವನಿಗೆ ಸದ್ಯ ಯಾವ ತೊಂದರೆಯೂ ಇಲ್ಲ. ಈ ಕಿಣ್ವವನ್ನು ನಿಲ್ಲಿಸುವ ಮಾತ್ರೆ ಅಮೆರಿಕದಲ್ಲಿ ಬಂದಿದೆ ಎಂದು ಒಂದು ವಿಡಿಯೊದಲ್ಲಿ ನೋಡಿದೆ. ತರಿಸಿಕೊಳ್ಳಬಹುದಾ? ಪ್ರೋಟೀನ್ ತುಂಡು ಸೇರಿಕೊಂಡು ಹೀಗಾಗುತ್ತದೆ ಅಂದಮೇಲೆ ಬೇಳೆ, ಮೊಟ್ಟೆ ಬಿಡಬೇಕಾ? ಅಪ್ಪ ಅಮ್ಮನಿಗೆ ಸ್ವಂತ ಸೋದರಮಾವ. ಅದರಿಂದಲೇ ಬಂತು ಅಂತ ನೆಂಟರು ಆಡಿಕೊಳ್ಳುತ್ತಾರೆ. ನನ್ನ ಮುಖ ಥೇಟ್ ಅಮ್ಮನದೇ, ನನಗೂ ಬರುತ್ತೆ ಅಂತ ಚಿಕ್ಕಮ್ಮ ಹೇಳಿದಾಗಿಂದ ನಿದ್ದೆ ಇಲ್ಲ. ಪರೀಕ್ಷೆ ಮಾಡಿಸಲಾ? ತಂಗಿಗೆ (27) ಗಂಡು ನೋಡುತ್ತಿದ್ದೇವೆ, ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ಉತ್ತರ: ಪ್ರಶ್ನೆ ಐದಾರು ಇದ್ದರೂ ಒಳಗಿರುವ ಭಯ ಒಂದೇ. ಅಮ್ಮನಿಗೆ ಬಂದದ್ದು ನನಗೂ ಬರುತ್ತಾ, ಬಂದರೆ ತಡೆಯುವುದಕ್ಕೆ ಏನಾದರೂ ಇದೆಯಾ ಅನ್ನುವುದು. ಅದಕ್ಕೆ ಬರುತ್ತೇನೆ. ಆದರೆ ಮೊದಲು ಅಮ್ಮನ ಕೈ ಎಳೆತದ ವಿಷಯ, ಅದು ಕಾಯುವಂಥದ್ದಲ್ಲ.

ಕೂತಲ್ಲೇ ಬೆಚ್ಚಿದ ಹಾಗೆ ಕೈ ಎಳೆಯುವುದು ಚಳಿಯಿಂದಲೋ ನಿಶ್ಶಕ್ತಿಯಿಂದಲೋ ಇರಬೇಕು ಅಂತ ಮನೆಯವರು ಸುಮ್ಮನಾಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಪ್ರೆಸೆನಿಲಿನ್ ಬದಲಾವಣೆಯಿಂದ ಬರುವ ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಇಂಥ ಎಳೆತ ಮತ್ತು ಫಿಟ್ಸ್ ಸಾಮಾನ್ಯ ಆಲ್ಝೈಮರ್‌ಗಿಂತ ಜಾಸ್ತಿ. ನಿದ್ದೆಯಲ್ಲಿ ಫಿಟ್ಸ್ ಬಂದರೆ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗದೆ ಹೋಗಬಹುದು. ಈ ವಾರವೇ ನರರೋಗ ತಜ್ಞರಿಗೆ ತೋರಿಸಿ, ಇಇಜಿ (ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ಮಾಡಿಸಿ. ಎಳೆಯುವಾಗ ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಟ್ಟುಕೊಂಡರೆ ಡಾಕ್ಟರಿಗೆ ತುಂಬಾ ಅನುಕೂಲ. ಇದಕ್ಕೆ ಔಷಧಿ ಇದೆ, ಚೆನ್ನಾಗಿ ಕೆಲಸವನ್ನೂ ಮಾಡುತ್ತದೆ. ಮರೆವು ವಾಪಸ್ ಹೋಗದಿದ್ದರೂ ಎಳೆತ ನಿಂತರೆ ಅವರೂ ನೆಮ್ಮದಿಯಾಗಿ ಊಟ ಮಾಡುತ್ತಾರೆ, ಬೀಳುವ ಭಯವೂ ಕಡಿಮೆಯಾಗುತ್ತದೆ. ಹಾಗೆಯೇ ಬಿ12, ಥೈರಾಯ್ಡ್, ಮಿದುಳಿನ ಎಂಆರ್‌ಐ ಇವೆಲ್ಲ ಹಿಂದೆ ಆಗಿವೆಯಾ ನೋಡಿ. ಐವತ್ತರ ಹರೆಯದಲ್ಲಿ ಮರೆವು ಬಂದಾಗ, ಸರಿಪಡಿಸಬಹುದಾದ ಕಾರಣ ಒಂದೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಮಾತು.

ಈಗ ಕಿಣ್ವದ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾತ್ರೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ನಮ್ಮ ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನ ತೆಳು ಪೊರೆ ಇದೆ. ಎಷ್ಟೋ ಪ್ರೋಟೀನ್‌ಗಳು ಈ ಪೊರೆಯನ್ನು ತೂರಿಕೊಂಡು ನಿಂತಿರುತ್ತವೆ, ಒಂದು ತುದಿ ಹೊರಗೆ, ಇನ್ನೊಂದು ಒಳಗೆ. ಕೆಲಸ ಮುಗಿದ ಮೇಲೆ ಹೊರಗಿನ ಭಾಗವನ್ನು ಬೇರೆ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಪೊರೆಯೊಳಗೆ ಒಂದು ಮೋಟು ತುಂಡು ಉಳಿಯುತ್ತದೆ. ಅದನ್ನು ಕತ್ತರಿಸಿ ಪೊರೆಯಿಂದ ಬಿಡಿಸುವುದು ಗಾಮಾ ಸಿಕ್ರಿಟೇಸ್‌ನ ಕೆಲಸ. ಪ್ರೋಟೀನ್ ಕತ್ತರಿಸಲು ನೀರು ಬೇಕು, ಪೊರೆಯ ನಡುಭಾಗದಲ್ಲಿ ಇರುವುದೋ ಕೊಬ್ಬು. ಅಂಥ ಜಾಗದಲ್ಲಿ ಇದು ಹೇಗೆ ಕತ್ತರಿಸುತ್ತದೆ ಅನ್ನುವುದು ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿತ್ತು.

ಇದು ಒಂಟಿ ಕಿಣ್ವ ಅಲ್ಲ. ಪ್ರೆಸೆನಿಲಿನ್, ನಿಕಾಸ್ಟ್ರಿನ್, ಎಪಿಎಚ್-1, ಪೆನ್-2 ಎಂಬ ನಾಲ್ಕು ಪ್ರೋಟೀನ್‌ಗಳು ಸೇರಿದರೇ ಗಾಮಾ ಸಿಕ್ರಿಟೇಸ್. ನಾಲ್ಕೂ ಸೇರಿ ಪೊರೆಯನ್ನು 20 ಸಲ ಅಡ್ಡ ಹಾಯುತ್ತವೆ. ಕತ್ತರಿಸುವ ಅಲಗು ಇರುವುದು ಪ್ರೆಸೆನಿಲಿನ್‌ನಲ್ಲಿ. ಅದರಲ್ಲಿ 257 ಮತ್ತು 385ನೇ ಸ್ಥಾನದಲ್ಲಿರುವ ಆಸ್ಪಾರ್ಟೇಟ್ ಎಂಬ ಎರಡು ಅಮೈನೋ ಆಮ್ಲಗಳು (ಅಮೈನೋ ಆಮ್ಲ ಅಂದರೆ ಪ್ರೋಟೀನ್ ಸರಪಳಿಯ ಒಂದೊಂದು ಕೊಂಡಿ) ಸೇರಿ ಕತ್ತರಿಸುತ್ತವೆ ಎಂದು 1999ರಲ್ಲಿ ಗೊತ್ತಾಯಿತು. ನಿಕಾಸ್ಟ್ರಿನ್ ಪೊರೆಯ ಹೊರಗೆ ದೊಡ್ಡದಾಗಿ ಚಾಚಿಕೊಂಡಿದೆ. ಹೊರಭಾಗ ಇನ್ನೂ ಉದ್ದವಾಗಿರುವ ಪ್ರೋಟೀನ್‌ಗಳನ್ನು ಅದು ಅಲಗಿನ ಹತ್ತಿರ ಬರಲು ಬಿಡುವುದಿಲ್ಲ, ಮೋಟಾದದ್ದಕ್ಕೆ ಮಾತ್ರ ಅವಕಾಶ. ಅದಕ್ಕೆ ಆ ಹೆಸರು ಬಂದದ್ದು ಇಟಲಿಯ ನಿಕಾಸ್ಟ್ರೋ ಎಂಬ ಊರಿನಿಂದ. ನಿಮ್ಮ ಮನೆಯಲ್ಲಿ ಆಗಿರುವ ಹಾಗೆ ತಲೆಮಾರುಗಳಿಂದ ಚಿಕ್ಕ ವಯಸ್ಸಿಗೇ ಮರೆವು ಬರುತ್ತಿದ್ದ ಒಂದು ದೊಡ್ಡ ಕುಟುಂಬ ಅಲ್ಲಿಯದು. 2015ರಲ್ಲಿ ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯದ ಯಿಗಾಂಗ್ ಶಿ ಅವರ ತಂಡ ಈ ನಾಲ್ಕೂ ಸೇರಿದ ರೂಪವನ್ನು ಹೆಚ್ಚುಕಡಿಮೆ ಅಣು ಅಣುವಾಗಿ ಚಿತ್ರಿಸಿತು.

ಈ ಕಿಣ್ವ ಕತ್ತರಿಸುವ ಪ್ರೋಟೀನ್‌ಗಳು ನೂರಕ್ಕೂ ಜಾಸ್ತಿ. ಅವುಗಳಲ್ಲಿ ಒಂದು ಎಪಿಪಿ, ಇದು ನರಕೋಶಗಳಲ್ಲಿ ಹೇರಳವಾಗಿದೆ. ಎಪಿಪಿಯ ಹೊರಭಾಗ ಕತ್ತರಿಸಿ ಹೋದ ಮೇಲೆ 99 ಅಮೈನೋ ಆಮ್ಲಗಳ ಮೋಟು ಉಳಿಯುತ್ತದೆ. ಗಾಮಾ ಸಿಕ್ರಿಟೇಸ್ ಅದನ್ನು ಒಂದೇ ಏಟಿಗೆ ಮುಗಿಸುವುದಿಲ್ಲ. ಮೊದಲು, ಹೊರತುದಿಯಿಂದ ಎಣಿಸಿದರೆ, 49ನೇ ಕೊಂಡಿಯ ಹತ್ತಿರ ಕತ್ತರಿಸುತ್ತದೆ. ಆಮೇಲೆ ಮೂರು ಮೂರು ಅಮೈನೋ ಆಮ್ಲಗಳಂತೆ 46, 43, ಕೊನೆಗೆ 40. ಕೆಲವು ಸಲ 48ರಿಂದ ಶುರುವಾಗಿ 45, 42 ಎಂದು ಹೋಗುತ್ತದೆ, ಇನ್ನೂ ಮುಂದುವರಿದರೆ 38. ಹೀಗೆ ಉಳಿಯುವ ತುಂಡೇ ಬೀಟಾ ಅಮಿಲಾಯ್ಡ್. ಇದು ನನ್ನ ಮಿದುಳಿನಲ್ಲೂ ಇದೆ, ನಿಮ್ಮ ಮಿದುಳಿನಲ್ಲೂ ಇದೆ, ಕಾಯಿಲೆ ಇಲ್ಲದವರಲ್ಲೂ ದಿನಾ ತಯಾರಾಗುತ್ತದೆ. ಹೆಚ್ಚಿನದು 40ರ ತುಂಡು. ಸುಮಾರು ಹತ್ತರಲ್ಲಿ ಒಂದು ಪಾಲು 42ರದು. ಬರೀ ಎರಡು ಅಮೈನೋ ಆಮ್ಲ ಜಾಸ್ತಿ ಅಷ್ಟೇ, ಆದರೆ 42 ಬಲು ಅಂಟು. ಒಂದಕ್ಕೊಂದು ಅಂಟಿಕೊಂಡು ಗಡ್ಡೆಗಟ್ಟುವುದು ಅದೇ.

ಈಗ ನಿಮ್ಮ ಅಣ್ಣನ ರಿಪೋರ್ಟ್‌ಗೆ ಬರೋಣ. ಪ್ರೆಸೆನಿಲಿನ್-1ರಲ್ಲಿ ಬದಲಾವಣೆ ಆದರೆ ಕಿಣ್ವ ಹುಚ್ಚುಹಿಡಿದ ಹಾಗೆ ಜಾಸ್ತಿ ಕತ್ತರಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನೀವು ನೋಡಿದ ವಿಡಿಯೊದವರೂ ಹಾಗೇ ಹೇಳಿರಬೇಕು. ನಡೆಯುವುದು ಹೆಚ್ಚುಕಡಿಮೆ ಅದರ ಉಲ್ಟಾ. ಈಳಿಗೆ ಮಣೆಯಲ್ಲಿ ಬದನೆಕಾಯಿ ಹೆಚ್ಚುವುದನ್ನು ನೆನಪಿಸಿಕೊಳ್ಳಿ. ಅಲಗು ನಿಂತಲ್ಲೇ ಇರುತ್ತದೆ, ಕಾಯಿಯನ್ನು ಬಿಗಿಯಾಗಿ ಹಿಡಿದು ಅಲಗಿಗೆ ಒತ್ತುತ್ತಾ ಮುಂದೆ ಸರಿಸಬೇಕು. ಹಿಡಿತ ಸಡಿಲಾದರೆ ಕೊನೆಯ ಹೋಳು ಆಗುವ ಮೊದಲೇ ಕಾಯಿ ಜಾರಿ, ದಪ್ಪ ತುಂಡು ಹಾಗೇ ಉಳಿಯುತ್ತದೆ. ಈ ಕಿಣ್ವದಲ್ಲೂ ಆಗುವುದು ಇಷ್ಟೇ. ಬದಲಾದ ಪ್ರೆಸೆನಿಲಿನ್ ತುಂಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. 40ಕ್ಕೋ 38ಕ್ಕೋ ಬರುವ ಮೊದಲೇ 42, 43ರಂಥ ಉದ್ದ ತುಂಡು ಜಾರಿಕೊಂಡು ಹೊರಟುಬಿಡುತ್ತದೆ. ಕೆಲವು ಬದಲಾವಣೆಗಳಲ್ಲಿ ಒಟ್ಟು ಕತ್ತರಿಸುವುದೇ ಕಡಿಮೆಯಾಗಿರುತ್ತದೆ. ಹಾಗಿದ್ದರೂ ಉದ್ದ ತುಂಡುಗಳ ಪ್ರಮಾಣ ಏರುತ್ತದೆ. ವರ್ಷಾನುಗಟ್ಟಲೆ ಅದು ಸೇರುತ್ತಾ ಹೋಗಿ, ನೆನಪು ಕೈಕೊಡುವ ಹೊತ್ತಿಗೆ ಮಿದುಳಿನಲ್ಲಿ ಗಡ್ಡೆ ಕಟ್ಟಲು ಶುರುವಾಗಿ ಹದಿನೈದು ಇಪ್ಪತ್ತು ವರ್ಷ ಆಗಿರಬಹುದು.

ಅಂದರೆ ತೊಂದರೆ ಇರುವುದು ಕಿಣ್ವ ಕೆಲಸ ಅರ್ಧಕ್ಕೆ ಬಿಡುವುದರಲ್ಲಿ. ಅದನ್ನು ಪೂರ್ತಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಏನಾಗುತ್ತದೆ? ಇದನ್ನು ಮಾಡಿ ನೋಡಿಯಾಗಿದೆ. ಎಲೈ ಲಿಲ್ಲಿ ಕಂಪನಿ ಸೆಮಗಸೆಸ್ಟ್ಯಾಟ್ ಎಂಬ ಔಷಧಿಯನ್ನು 2,600ಕ್ಕೂ ಜಾಸ್ತಿ ಆಲ್ಝೈಮರ್ ರೋಗಿಗಳ ಮೇಲೆ ಪರೀಕ್ಷಿಸುತ್ತಿತ್ತು. 2010ರ ಆಗಸ್ಟ್‌ನಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧಿ ತೆಗೆದುಕೊಂಡವರು ಔಷಧಿ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗಿಂತ ಹಿಂದೆ ಬಿದ್ದಿದ್ದರು. ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವಂಥ ದಿನನಿತ್ಯದ ಕೆಲಸಗಳೂ ಕೈತಪ್ಪಿದ್ದವು. ತೂಕ ಇಳಿದಿತ್ತು. ಸೋಂಕು, ಚರ್ಮದ ಕ್ಯಾನ್ಸರ್ ಜಾಸ್ತಿಯಾಗಿದ್ದವು. ಇದಕ್ಕೆ ಮುಖ್ಯ ಕಾರಣ ನಾಚ್ ಎಂಬ ಪ್ರೋಟೀನ್ ಎಂದು ತಿಳಿದವರು ಹೇಳುತ್ತಾರೆ. ಚರ್ಮ, ಕರುಳಿನ ಒಳಪದರ, ರಕ್ತದ ಕಣಗಳು ಸರಿಯಾಗಿ ಬೆಳೆಯಲು ನಾಚ್‌ನ ಸಂಕೇತ ಬೇಕು, ಆ ಸಂಕೇತ ಹೊರಡಬೇಕಾದರೆ ಇದೇ ಕಿಣ್ವ ನಾಚ್ ಅನ್ನು ಕತ್ತರಿಸಬೇಕು. ಪ್ರೆಸೆನಿಲಿನ್-1 ಪೂರ್ತಿ ತೆಗೆದುಹಾಕಿದ ಇಲಿಮರಿಗಳು ಬದುಕುವುದೇ ಇಲ್ಲ.

ಹಾಗಾದರೆ ವಿಡಿಯೊ ಸುಳ್ಳಾ? ಪೂರ್ತಿ ಸುಳ್ಳಲ್ಲ. ನಿರೋಗಸೆಸ್ಟ್ಯಾಟ್ ಎಂಬ ಮಾತ್ರೆಗೆ 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಅದು ಗಾಮಾ ಸಿಕ್ರಿಟೇಸ್ ಅನ್ನು ತಡೆಯುವುದೂ ನಿಜ. ಆದರೆ ಒಪ್ಪಿಗೆ ಸಿಕ್ಕಿರುವುದು ಡೆಸ್ಮಾಯ್ಡ್ ಎಂಬ ಒಂದು ಬಗೆಯ ಗಡ್ಡೆಗೆ, ಮರೆವಿಗಲ್ಲ. ಅಲ್ಲಿ ನಾಚ್ ಸಂಕೇತ ತಡೆಯುವುದೇ ಬೇಕಾದ ಕೆಲಸ. ಆ ಮಾತ್ರೆ ತೆಗೆದುಕೊಂಡವರಲ್ಲಿ ಭೇದಿ, ಚರ್ಮದ ದದ್ದು ಸಾಮಾನ್ಯ. ಮಗು ಆಗುವ ವಯಸ್ಸಿನ ಹೆಂಗಸರಲ್ಲಿ ನಾಲ್ಕರಲ್ಲಿ ಮೂವರಿಗೆ ಅಂಡಾಶಯದ ಕೆಲಸ ಏರುಪೇರಾಯಿತು. ದಯವಿಟ್ಟು ಯಾರ ಕೈಲೂ ತರಿಸಬೇಡಿ, ಅಮ್ಮನಿಗೂ ಬೇಡ, ನಿಮಗಂತೂ ಬೇಡವೇ ಬೇಡ.

ಈಗ ಸಂಶೋಧನೆ ನಡೆಯುತ್ತಿರುವುದು ಬೇರೆ ದಿಕ್ಕಿನಲ್ಲಿ. ಕಿಣ್ವವನ್ನು ನಿಲ್ಲಿಸದೆ ಹಿಡಿತ ಬಿಗಿಯಾಗುವಂತೆ ಮಾಡಿ, ಕೊನೆಯವರೆಗೂ ಕತ್ತರಿಸುವಂತೆ ಮಾಡುವ ಔಷಧಿಗಳು, ಇವುಗಳನ್ನು ಮಾಡ್ಯುಲೇಟರ್ ಎನ್ನುತ್ತಾರೆ. ನನಗೆ ಈ ದಾರಿಯ ಮೇಲೆ ಹೆಚ್ಚು ನಂಬಿಕೆ ಇದೆ, ಏಕೆಂದರೆ ಇದು ಮೂಲ ತೊಂದರೆಗೇ ಕೈ ಹಾಕುತ್ತದೆ. ಆದರೆ ಇವು ಇನ್ನೂ ಪರೀಕ್ಷೆಯ ಹಂತದಲ್ಲೇ ಇವೆ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೇಳೆ, ಮೊಟ್ಟೆ, ಮೀನು ಯಾವುದನ್ನೂ ಬಿಡಬೇಡಿ. ತಿಂದ ಪ್ರೋಟೀನ್ ಹೊಟ್ಟೆಯಲ್ಲೇ ಪುಡಿಯಾಗಿ ಹೋಗುತ್ತದೆ. ಬೀಟಾ ಅಮಿಲಾಯ್ಡ್ ಮಿದುಳಿನೊಳಗೇ, ನಮ್ಮದೇ ಎಪಿಪಿಯಿಂದ ಆಗುವಂಥದ್ದು. ಪ್ರೋಟೀನ್ ಬಿಟ್ಟರೆ ಅಮ್ಮನ ಮೈಕೈ ಸೊರಗುತ್ತದೆ ಅಷ್ಟೇ. ಅರಿಶಿನ, ಬ್ರಾಹ್ಮಿ ಈ ಬಗೆಯ ಆಲ್ಝೈಮರ್ ತಡೆದದ್ದಕ್ಕೂ ಸಾಕ್ಷಿ ಇಲ್ಲ. ಸಾರಿಗೆ ಹಾಕುವ ಅರಿಶಿನಕ್ಕೆ ಯಾರ ಅಡ್ಡಿಯೂ ಇಲ್ಲ, ಸಾವಿರಾರು ರೂಪಾಯಿ ಕೊಟ್ಟು ಡಬ್ಬಿ ತರಿಸಬೇಡಿ.

ಸೋದರಮಾವನ ಸಂಬಂಧದ ಮಾತು ನಿಮ್ಮ ಮನೆಯವರನ್ನು ತುಂಬಾ ನೋಯಿಸಿದೆ ಅನ್ನುವುದು ಪತ್ರದಲ್ಲೇ ಕಾಣುತ್ತದೆ. ನಿಮ್ಮ ವಿಷಯದಲ್ಲಿ ಅದು ಕಾರಣವೇ ಅಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಜಾಸ್ತಿಯಾಗುವ ಕಾಯಿಲೆಗಳು ಬೇರೆ ತರಹದವು. ಅವುಗಳಲ್ಲಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಜೀನ್‌ನ ಎರಡೂ ಪ್ರತಿ ಕೆಟ್ಟದ್ದೇ ಬಂದರೆ ಮಾತ್ರ ಕಾಯಿಲೆ. ಪ್ರೆಸೆನಿಲಿನ್-1ರಲ್ಲಿ ಒಂದೇ ಪ್ರತಿ ಬದಲಾದರೂ ಸಾಕು. ಇನ್ನೊಂದು ವಿಷಯ ನೋಡಿ. ಕಾಯಿಲೆ ಬಂದಿರುವುದು ಅಮ್ಮನ ಅಪ್ಪನಿಂದ. ನಿಮ್ಮ ಅಪ್ಪ ಅಜ್ಜಿಯ ತಮ್ಮ. ಆ ತಾತನಿಗೂ ನಿಮ್ಮ ಅಪ್ಪನಿಗೂ ಇದ್ದದ್ದು ಭಾವ-ಭಾವಮೈದನ ನೆಂಟಸ್ತನ, ರಕ್ತಸಂಬಂಧ ಅಲ್ಲ. ಅಮ್ಮ ದೂರದ ಊರಿನ ಯಾರನ್ನೇ ಮದುವೆಯಾಗಿದ್ದರೂ ಮಕ್ಕಳಿಗೆ ಇದು ದಾಟುವ ಸಾಧ್ಯತೆ ಇಷ್ಟೇ ಇರುತ್ತಿತ್ತು. ನೆಂಟರಿಗೆ ಇಷ್ಟು ಹೇಳಿ.

ಆ ಸಾಧ್ಯತೆ ಪ್ರತಿ ಮಗುವಿಗೂ ಅರ್ಧಕ್ಕರ್ಧ. ಅಣ್ಣನಿಗೆ ಬಂದಿದೆ ಎಂದ ಮಾತ್ರಕ್ಕೆ ನೀವು ಬಚಾವಾಗುವುದೂ ಇಲ್ಲ, ನಿಮಗೆ ಹೆಚ್ಚಾಗುವುದೂ ಇಲ್ಲ. ಮುಖಚಹರೆಗೂ ಈ ಜೀನ್‌ಗೂ ಸಂಬಂಧ ಇಲ್ಲ. ಈ ಜೀನ್ 14ನೇ ಕ್ರೋಮೋಸೋಮ್‌ನಲ್ಲಿದೆ. ಅಮ್ಮನ ಮೂಗು ಕಣ್ಣು ಬಂದಿದ್ದರೂ ಅಮ್ಮನ ಎರಡು ಪ್ರತಿಗಳಲ್ಲಿ ಒಳ್ಳೆಯ ಪ್ರತಿಯೇ ನಿಮಗೆ ಬಂದಿರಬಹುದು. ಚಿಕ್ಕಮ್ಮನ ಮಾತನ್ನು ತಲೆಯಿಂದ ತೆಗೆದುಹಾಕಿ.

ಇನ್ನು ಪರೀಕ್ಷೆ. ನಾನಾದರೆ ಮೊದಲು ಅಮ್ಮನ ರಕ್ತ ಪರೀಕ್ಷೆ ಮಾಡಿಸುತ್ತೇನೆ. 'ಲೈಕ್ಲಿ ಪ್ಯಾಥೊಜೆನಿಕ್' ಅಂದರೆ ಕಾಯಿಲೆ ತರುವ ಸಾಧ್ಯತೆ ಬಹಳ ಅಂತ, ಖಚಿತ ಅಂತಲ್ಲ. ಪ್ರೆಸೆನಿಲಿನ್-1ರಲ್ಲಿ ಈವರೆಗೆ 300ಕ್ಕೂ ಜಾಸ್ತಿ ಬದಲಾವಣೆಗಳು ಸಿಕ್ಕಿವೆ, ಎಲ್ಲವೂ ಒಂದೇ ತೂಕದವಲ್ಲ. ನಮ್ಮ ದೇಶದ ಜನರ ಜೀನ್ ಮಾಹಿತಿ ಜಗತ್ತಿನ ದಾಖಲೆಗಳಲ್ಲಿ ಕಡಿಮೆ ಇರುವುದರಿಂದ ರಿಪೋರ್ಟ್ ಓದುವಾಗ ಇನ್ನಷ್ಟು ಎಚ್ಚರ ಬೇಕು. ಆನ್‌ಲೈನ್ ಕಿಟ್‌ನ ಫಲಿತಾಂಶವನ್ನು ಆಸ್ಪತ್ರೆಯ ಲ್ಯಾಬ್‌ನಲ್ಲಿ ಮತ್ತೊಮ್ಮೆ ಖಾತ್ರಿ ಮಾಡಿಸದೆ ನಂಬಬಾರದು. ಅದೇ ಬದಲಾವಣೆ ಅಮ್ಮನಲ್ಲೂ ಸಿಕ್ಕರೆ ರಿಪೋರ್ಟ್‌ಗೆ ತೂಕ ಬರುತ್ತದೆ. ಸಿಗದಿದ್ದರೆ ಇಡೀ ಲೆಕ್ಕ ಬದಲಾಗುತ್ತದೆ, ಅಮ್ಮನ ಕಾಯಿಲೆಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಅಮ್ಮನಲ್ಲಿ ಖಚಿತವಾದ ಮೇಲೆ ನಿಮ್ಮ ಸರದಿ. ಇಲ್ಲಿ ನಾನು ಮಾಡಿಸಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಪ್ರೆಸೆನಿಲಿನ್-1ರ ಖಚಿತ ಬದಲಾವಣೆ ಇದ್ದವರಿಗೆ ಕಾಯಿಲೆ ಬರುವುದು ಹೆಚ್ಚುಕಡಿಮೆ ಗ್ಯಾರಂಟಿ, ವಯಸ್ಸೂ ಸಾಮಾನ್ಯವಾಗಿ ತಂದೆ ತಾಯಿಗೆ ಶುರುವಾದ ವಯಸ್ಸಿನ ಆಸುಪಾಸೇ. ಇಲ್ಲ ಎಂದು ಬಂದರೆ ಎಷ್ಟೋ ವರ್ಷದ ಭಾರ ಇಳಿಯುತ್ತದೆ. ಇದೆ ಎಂದು ಬಂದರೆ ಗೊತ್ತಾದದ್ದನ್ನು ಮತ್ತೆ ಗೊತ್ತಿಲ್ಲದ ಹಾಗೆ ಮಾಡಲಾಗುವುದಿಲ್ಲ. ಕೆಲವರು ತಿಳಿದುಕೊಂಡು ಮಕ್ಕಳು, ಮನೆ, ಕೆಲಸ ಎಲ್ಲವನ್ನೂ ಅದಕ್ಕೆ ತಕ್ಕಂತೆ ಯೋಜಿಸಿ ನೆಮ್ಮದಿಯಾಗಿದ್ದಾರೆ. ಕೆಲವರು ಪ್ರತಿ ಸಲ ಬೀಗದ ಕೈ ಮರೆತಾಗಲೂ ಬೆವರುತ್ತಾರೆ. ನನ್ನ ಹತ್ತಿರ ಬಂದವರಲ್ಲಿ ಕೌನ್ಸೆಲಿಂಗ್ ಮುಗಿದ ಮೇಲೆ ಸದ್ಯಕ್ಕೆ ಬೇಡ ಎಂದು ಎದ್ದು ಹೋದವರೂ ಇದ್ದಾರೆ, ಅದೂ ಸರಿಯಾದ ತೀರ್ಮಾನವೇ. ಹೀಗೇ ಒಂದೇ ಜೀನ್‌ನಿಂದ ಬರುವ ಹಂಟಿಂಗ್ಟನ್ ಎಂಬ ಮಿದುಳಿನ ಕಾಯಿಲೆಗೆ ಪಾಲಿಸುವ ಕ್ರಮವನ್ನೇ ಇಲ್ಲೂ ಪಾಲಿಸುತ್ತಾರೆ: ಮೊದಲು ಕೌನ್ಸೆಲಿಂಗ್, ಯೋಚಿಸಲು ಸಮಯ, ಆಮೇಲೆ ರಕ್ತ, ಫಲಿತಾಂಶ ಎದುರಿಗೆ ಕೂರಿಸಿ ಹೇಳುವುದು. 18 ತುಂಬದ ಮಕ್ಕಳಿಗೆ ಮಾಡುವುದಿಲ್ಲ, ಅಣ್ಣನ ಮಕ್ಕಳಿಗೂ ಬೇಡ. ಇನ್ಶೂರೆನ್ಸ್ ಮೇಲೆ ಏನು ಪರಿಣಾಮ ಅಂತ ಪರೀಕ್ಷೆಗೆ ಮುಂಚೆಯೇ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಸೌಲಭ್ಯ ಇದೆ, ಹಾಸನದಿಂದ ಹೋಗಿಬರುವುದು ಕಷ್ಟವೇನಲ್ಲ.

ಔಷಧಿ ವಿಷಯದಲ್ಲಿ ಆಸೆಯನ್ನೂ ಹುಟ್ಟಿಸದೆ, ಪೂರ್ತಿ ಕೈಬಿಡದೆ ಹೇಳುತ್ತೇನೆ. ಲೆಕಾನೆಮ್ಯಾಬ್ ಎಂಬ ಇಂಜೆಕ್ಷನ್‌ಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಸೇರಿಕೊಂಡ ಅಮಿಲಾಯ್ಡ್ ಅನ್ನು ತೆಗೆಯುತ್ತದೆ. 18 ತಿಂಗಳ ಪರೀಕ್ಷೆಯಲ್ಲಿ ಕಾಯಿಲೆ ಮುಂದುವರಿಯುವ ವೇಗ ಸುಮಾರು 27% ಕಡಿಮೆಯಾಯಿತು. ನೂರಕ್ಕೆ ಹನ್ನೆರಡು ಹದಿಮೂರು ಜನರ ಮಿದುಳಿನಲ್ಲಿ ಬಾವು ಕಂಡಿತು, ಕೆಲವರಲ್ಲಿ ಸಣ್ಣ ರಕ್ತಸ್ರಾವವೂ ಆಯಿತು. ಅದು ಶುರುವಿನ ಹಂತದವರಿಗೆ ಮಾತ್ರ. ಬಚ್ಚಲುಮನೆ ದಾರಿ ತಪ್ಪುವ ಹಂತ ತಲುಪಿರುವ ನಿಮ್ಮ ಅಮ್ಮನಿಗೆ ಅದರಿಂದ ಲಾಭ ಇಲ್ಲ, ಅಪಾಯ ಮಾತ್ರ. ಅದಕ್ಕಾಗಿ ಸಾಲ ಮಾಡಬೇಡಿ. ಡೊನೆಪೆಜಿಲ್, ಮೆಮಾಂಟಿನ್ ಎಂಬ ಮರೆವಿನ ಔಷಧಿಗಳು ಕೆಲವರಿಗೆ ಸ್ವಲ್ಪ ಕಾಲ ಆಸರೆ ಕೊಡುತ್ತವೆ, ಡಾಕ್ಟರ ಜೊತೆ ಮಾತಾಡಿ.

ಜೀನ್ ಇದ್ದೂ ಕಾಯಿಲೆ ಇನ್ನೂ ಶುರುವಾಗದವರ ಮೇಲೂ ಪ್ರಯತ್ನ ನಡೆದಿದೆ. ಕೊಲಂಬಿಯಾದ ಆಂಟಿಯೋಕಿಯಾ ಪ್ರದೇಶದಲ್ಲಿ ಪ್ರೆಸೆನಿಲಿನ್-1ರ ಒಂದೇ ಬದಲಾವಣೆ ತಲೆಮಾರುಗಳಿಂದ ಹರಿದುಬಂದಿರುವ, ಸುಮಾರು 6,000 ಜನರ ಬಳಗ ಇದೆ, ಎಲ್ಲರಲ್ಲೂ ಆ ಬದಲಾವಣೆ ಇಲ್ಲ. ಫ್ರಾನ್ಸಿಸ್ಕೊ ಲೋಪೆರಾ ಎಂಬ ನರರೋಗ ತಜ್ಞರು 2024ರಲ್ಲಿ ತೀರಿಕೊಳ್ಳುವವರೆಗೆ ದಶಕಗಳ ಕಾಲ ಅವರ ಜೊತೆಗಿದ್ದರು. ಅಲ್ಲಿ ಕ್ರೆನೆಜುಮ್ಯಾಬ್ ಎಂಬ ಅಮಿಲಾಯ್ಡ್ ವಿರುದ್ಧದ ಔಷಧಿ ಕೊಟ್ಟು ನೋಡಿದರು, 2022ರಲ್ಲಿ ಬಂದ ಫಲಿತಾಂಶದಲ್ಲಿ ಗುಣ ಕಾಣಲಿಲ್ಲ. ಅದೇ ಬಳಗದ ಒಬ್ಬ ಮಹಿಳೆಗೆ ಮಾತ್ರ ನಲವತ್ತರಲ್ಲಿ ಬರಬೇಕಾಗಿದ್ದ ಮರೆವು ಎಪ್ಪತ್ತರವರೆಗೂ ಬರಲಿಲ್ಲ. ಎಪಿಒಇ ಎಂಬ ಇನ್ನೊಂದು ಜೀನ್‌ನ ಅಪರೂಪದ ಬದಲಾವಣೆ ಅವರನ್ನು ಕಾಪಾಡಿತ್ತು ಎಂದು 2019ರಲ್ಲಿ ವರದಿಯಾಯಿತು. 2025ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮತ್ತೊಂದು ವರದಿ ಕೊಟ್ಟರು. ಲಕ್ಷಣ ಇಲ್ಲದಾಗಲೇ ಗ್ಯಾಂಟೆನೆರುಮ್ಯಾಬ್ ಎಂಬ ಅಮಿಲಾಯ್ಡ್ ತೆಗೆಯುವ ಔಷಧಿ ಶುರುಮಾಡಿ ಸರಾಸರಿ ಎಂಟು ವರ್ಷ ತೆಗೆದುಕೊಂಡವರಲ್ಲಿ ಲಕ್ಷಣ ಬರುವ ಅಪಾಯ ಅರ್ಧದಷ್ಟಾಗಿತ್ತು. ಇದ್ದವರು 22 ಜನ ಅಷ್ಟೇ. ಚಿಕ್ಕ ಸಂಖ್ಯೆ, ಗಟ್ಟಿ ಸಾಕ್ಷಿ ಎನ್ನಲಾಗದು. ಆದರೂ ಅಣ್ಣ ಅಲ್ಲೇ ಇರುವುದರಿಂದ ಡಿಯಾನ್ ಎಂಬ ಆ ಅಧ್ಯಯನ ಜಾಲವನ್ನು ಸಂಪರ್ಕಿಸಲಿ. ತಮಗೆ ಜೀನ್ ಇದೆಯೋ ಇಲ್ಲವೋ ತಿಳಿದುಕೊಳ್ಳಲು ಇಷ್ಟವಿಲ್ಲದ ಮನೆಯವರೂ ಅಲ್ಲಿ ಸೇರಬಹುದು.

ನಡಿಗೆ, ನಿದ್ದೆ, ಬಿಪಿ, ಸಕ್ಕರೆ ಹತೋಟಿ ಇವು ಈ ಜೀನ್‌ನ ಫಲವನ್ನು ಅಳಿಸುವುದಿಲ್ಲ. ಆದರೆ ಜೀನ್ ಇದ್ದವರಲ್ಲೂ ಚೆನ್ನಾಗಿ ವ್ಯಾಯಾಮ ಮಾಡುವವರ ನೆನಪು ಸ್ವಲ್ಪ ಮೇಲಿದ್ದದ್ದು ಕಂಡಿದೆ. ಜೀನ್ ಇಲ್ಲದಿದ್ದರೂ ಇವು ಬೇಕೇ ಬೇಕು, ಅಲ್ವಾ? ಇದನ್ನು ಓದುತ್ತಿರುವ ಉಳಿದವರಿಗೂ ಒಂದು ಮಾತು: ಎಪ್ಪತ್ತೈದರ ಅಜ್ಜಿಗೆ ಮರೆವು ಬಂದಿದೆ ಎಂದು ಈ ಜೀನ್ ಪರೀಕ್ಷೆಗೆ ಓಡಬೇಡಿ. ಆಲ್ಝೈಮರ್ ಬಂದವರಲ್ಲಿ ನೂರಕ್ಕೆ ಒಬ್ಬರಿಗೂ ಇಂಥ ಒಂದೇ ಜೀನ್‌ನ ಕಾರಣ ಇರುವುದಿಲ್ಲ.

ಕೊನೆಗೆ ತಂಗಿ. ಅವಳಿಗೆ ಗೊತ್ತಿಲ್ಲದೆ ಮದುವೆ ಮಾತುಕತೆ ಮುಂದುವರಿಸುವುದು ನನಗೆ ಸರಿ ಕಾಣುವುದಿಲ್ಲ. ಹಾಗಂತ ಗಂಡಿನ ಕಡೆಯವರಿಗೆ ತೋರಿಸಲು ಅವಳ ರಕ್ತ ಪರೀಕ್ಷೆ ಮಾಡಿಸುವುದಂತೂ ಕೂಡದು. ಅಮ್ಮನ ರಿಪೋರ್ಟ್ ಬಂದ ಮೇಲೆ, ಅಣ್ಣನನ್ನು ಒಂದು ಮಾತು ಕೇಳಿ, ಅವಳನ್ನು ಕೂರಿಸಿ ಇಷ್ಟನ್ನು ಹೇಳಿ: ಅಮ್ಮನ ಕಾಯಿಲೆ ಮನೆತನದ್ದು, ನಮಗೆ ಅರ್ಧಕ್ಕರ್ಧ ಸಾಧ್ಯತೆ, ತಿಳಿದುಕೊಳ್ಳಬೇಕೋ ಬೇಡವೋ ನಿನ್ನ ಇಷ್ಟ. ಪರೀಕ್ಷೆ ಮಾಡಿಸುವುದು, ಮದುವೆಯಾಗುವವನಿಗೆ ಯಾವಾಗ ಹೇಗೆ ಹೇಳುವುದು, ಮುಂದೆ ಮಕ್ಕಳ ವಿಷಯ, ಎಲ್ಲವೂ ಅವಳ ತೀರ್ಮಾನ. ಕೌನ್ಸೆಲಿಂಗ್‌ಗೆ ನೀವಿಬ್ಬರೂ ಒಟ್ಟಿಗೆ ಹೋಗಿ, ಆದರೆ ಡಾಕ್ಟರ ಜೊತೆ ಒಬ್ಬೊಬ್ಬರೇ ಮಾತಾಡಲು ಸಮಯ ಕೇಳಿ. ಹೋಗುವಾಗ ತಾತನ ಕಡೆಯ ಅಣ್ಣತಮ್ಮಂದಿರು, ಅಕ್ಕತಂಗಿಯರಲ್ಲಿ ಯಾರಿಗೆ ಯಾವ ವಯಸ್ಸಿಗೆ ಮರೆವು ಬಂತು ಅಂತ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಮ್ಮನ ಹಳೇ ಸ್ಕ್ಯಾನ್‌ಗಳನ್ನೂ ಜೊತೆಗೆ ತೆಗೆದುಕೊಳ್ಳಿ.